ನಮ್ಮ ಮಾವ ಮೆದ್ದ ಮಧುನಾಶಿನಿ

ಬ್ಯಾಡಗಿಯಲ್ಲಿರುವ ನನ್ನ ಸೋದರಮಾವನ ಹಿತ್ತಲಿಗೆ ನುಗ್ಗಿದ ಆಡು ಕೂಡ ಹಸಿದುಕೊಂಡೇ ವಾಪಸು ಹೋಗುತ್ತದೆ! ಅಲ್ಲಿನ ಸೊಪ್ಪನ್ನೆಲ್ಲ ಮಾವನೇ ಮೇಯ್ದು ಮುಗಿಸಿರುತ್ತಾನೆ. ಸಕ್ಕರೆ ಕಾಯಿಲೆ ಅಂಟಿದಂದಿನಿಂದ ಹಾಗಲಕಾಯಿ ರಸ, ಮೆಂತ್ಯೆ ನೀರು, ನೇರಳೆ ಬೀಜದ ಪುಡಿ, ಅಮೃತಬಳ್ಳಿ... ಒಂದನ್ನಾದರೂ ಬಿಟ್ಟಿದ್ದಾನೆಯೇ?

ಅಷ್ಟರಲ್ಲಿ ಕಣ್ಣಿಗೆ ಪೊರೆಯೂ ಬಂತು. ಆಪರೇಷನ್ ಮಾಡಿ ಎಂದರೆ ಹಾವೇರಿಯ ಡಾಕ್ಟರು ಮಾತ್ರ ಪಟ್ಟು ಸಡಿಲಿಸಲಿಲ್ಲ. "ಸಕ್ಕರಿ ಇಳಿಯೂತನಕ ಕಣ್ಣಿನ ಪೊರಿ ತಗ್ಯಾಕ ಆಗಂಗಿಲ್ರಿ. ಸೊಪ್ಪು ತಿಂದ್ರ ತಿನ್ರಿ, ಗುಳಿಗಿ ಮಾತ್ರ ತಪ್ಪಸಬ್ಯಾಡ್ರಿ" ಎಂದರು. ಮಾವ ಮೆಣಸಿನಕಾಯಿ ವ್ಯಾಪಾರಿ, ಕಾಯಿಯ ಕೆಂಪು ನೋಡಿಯೇ ದರ ಹೇಳುವವನು! ಹಿಂದಿನ ವಾರವಷ್ಟೇ ಮಾಸಿದ ಕಾಯಿಯನ್ನು "ಏನ್ ಬಣ್ಣ ಐತಲೇ!" ಎಂದು ಹೊಗಳಿ ಇಡೀ ಮಾರುಕಟ್ಟೆಯನ್ನು ನಗಿಸಿದ್ದ. ಕಣ್ಣು ಸರಿಹೋಗದಿದ್ದರೆ ಅಂಗಡಿಗೆ ಬೀಗವೇ ಗತಿ.

ಆಗ ಸಿಕ್ಕಿತು ನೋಡಿ, ಮಧುನಾಶಿನಿ! ಅದರ ಎಲೆ ಅಗಿದರೆ ಸ್ವಲ್ಪ ಹೊತ್ತು ನಾಲಿಗೆಗೆ ಸಿಹಿಯೇ ಹತ್ತುವುದಿಲ್ಲ. ಮಾವ ಜೇಬಿನ ತುಂಬ ಎಲೆ ತುಂಬಿಕೊಂಡು ರಾಣೇಬೆನ್ನೂರಿಗೆ ಮದುವೆಗೆ ಹೋದ. ಎಲೆ ಮೆದ್ದು ಪಾಯಸ ಬಾಯಿಗಿಟ್ಟವನೇ ಕೂಗಿದ: "ಏ, ಸಕ್ರೀನ ಹಾಕಿಲ್ಲಲ್ರೋ!" ಹಿರಿಯರ ಮಾತಲ್ಲವೇ? ಅಡುಗೆಯವರು ಗಾಬರಿಯಾಗಿ ಇನ್ನೊಂದು ಡಬ್ಬಿ ಸಕ್ಕರೆ ಸುರಿದರು. ಆ ಪಾಯಸ ಉಂಡವರೆಲ್ಲರ ತುಟಿಗಳು ಒಂದಕ್ಕೊಂದು ಅಂಟಿಕೊಂಡವು!

ಅತ್ತೆ ಹಣೆ ಹಣೆ ಬಡಿದುಕೊಂಡಳು. ಆದರೆ ರುಚಿಯೇ ಇಲ್ಲದ ಮೇಲೆ ತಿನ್ನುವುದಾದರೂ ಯಾಕೆ? ಮಾವ ಪೇಡೆ, ಜಿಲೇಬಿ ಎಲ್ಲವನ್ನೂ ಬಿಟ್ಟ. ಅತ್ತೆ ಎದುರು ನಿಂತು ಕೊಟ್ಟ ಗುಳಿಗೆಯನ್ನೂ ನುಂಗಿದ. ಸಕ್ಕರೆ ಇಳಿದೇಬಿಟ್ಟಿತು!

"ನನ್ನ ಎಲಿ ಗೆದ್ದೈತಿ ನೋಡ್ರಿ!" ಎಂದ ಮಾವ.

"ನನ್ನ ಗುಳಿಗಿ" ಎಂದರು ಡಾಕ್ಟರು.

ಆಪರೇಷನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮಾವ ನೇರ ಅಂಗಡಿಗೆ ಹೋಗಿ, ಒಂದೊಂದೇ ಚೀಲದ ಕಾಯಿ ಕೈಯಲ್ಲಿ ಹಿಡಿದು ನೋಡಿ ದರ ಕೂಗಿದ. ಒಂದೂ ತಪ್ಪಲಿಲ್ಲ! ನಕ್ಕವರೇ ಬಂದು ಕೈಕುಲುಕಿದರು.

ಅಂದು ಮಾವನನ್ನು ನೋಡಲು ಹೋಗಿದ್ದ ನನಗೆಂದು ಅತ್ತೆ ಹೋಳಿಗೆ ಮಾಡಿದ್ದಳು. ಮಾವ ತಾನು ತಿನ್ನದೆ ಒಂದು ತುಂಡು ಮುರಿದು ಅವಳ ಬಾಯಿಗಿಟ್ಟ.

"ಹೆಂಗೈತಿ?"

"ಮಣ್ಣ ತಿಂದಂಗ."

ಮಾವ ಹೊಸ ಕಣ್ಣಿನಿಂದ ದಿಟ್ಟಿಸಿದ. ಅವಳ ನಾಲಿಗೆ ಹಸಿರಾಗಿತ್ತು.

"ನೀನೂ ಎಲಿ ತಿಂದೀಯೇನ? ನಿನಗೆಲ್ಲೈತಿ ಸಕ್ಕರಿ ಬ್ಯಾನಿ?"

"ನೀವು ಸಿಹಿ ಬಿಟ್ಟ ದಿನದಿಂದ ತಿನ್ನಾಕತ್ತೇನಿ. ನಿಮ್ಮನ್ನ ಬಿಟ್ಟು ನಾ ಒಬ್ಬಾಕಿ ಹೆಂಗ ಸಿಹಿ ತಿನ್ಲಿ?"

ಮಾವನ ಕಣ್ಣು ತುಂಬಿ ಬಂದವು. ಅತ್ತೆ ಗಡಬಡಿಸಿ ಸೆರಗು ಎತ್ತಿಕೊಂಡಳು: "ಅಳಬ್ಯಾಡ್ರಿ! ಕಣ್ಣಿಗೆ ನೀರು ತಾಕಬಾರದಂತ ಡಾಕ್ಟರು ಹೇಳ್ಯಾರ!"