ಒಂದು ದಿನದ ಕತ್ತಲೆ ಬೇಕಾಗಿದೆ

ಅಣವೀರಪ್ಪ: ಒಂದ ದಿವ್ಸ, ಯವ್ವಾ. ನಾಳೆ ಒಂದ ದಿವ್ಸ ಮನಿ ಕತ್ತಲಿ ಇಟ್ಟರ ಸಾಕು.

ಪುತಳಾಬಾಯಿ: ಎರಡು ವರ್ಷ ಇಟ್ಟಿದ್ನಲ್ರಿ ಸಾಹೇಬ್ರ. ಆವಾಗ ಯಾಕ ನೋಡಾಕ ಬರಲಿಲ್ಲ?

ಪ್ರಹ್ಲಾದರಾವ್: ಬಂದಿದ್ವಿ ಬಾಯಿ. ಇಲೆಕ್ಷನ್ ಟೈಮಿನ್ಯಾಗ ಬಂದಿದ್ವಿ.

ಪುತಳಾಬಾಯಿ: ಹೌದ್ರಿ, ಹಗಲಿ ಬಂದ್ರಿ. ಹಗಲಿ ಬಂದವ್ರಿಗಿ ಕತ್ತಲಿ ಹ್ಯಾಂಗ ಕಾಣಬೇಕು?

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯ ಮಧ್ಯಾಹ್ನ. ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಕೆಂಪು ಬಾಳೆಹಣ್ಣು ಮಾರುವ ವಿಧವೆ ಪುತಳಾಬಾಯಿಯ ಒಂದೇ ಕೋಣೆಯ ಮನೆ. ಜಂತಿಯಿಂದ ಇಳಿಬಿದ್ದ ವೈರಿನ ತುದಿಗೆ ಬಲ್ಬೊಂದು ಸುಡುಹಗಲಲ್ಲಿ ಉರಿಯುತ್ತಿತ್ತು. ಅದರ ಕೆಳಗೆ ಚಾಪೆಯ ಮೇಲೆ ವಿರೋಧ ಪಕ್ಷದ ಶಾಸಕ ಅಣವೀರಪ್ಪನವರು ಬೆವರು ಒರೆಸಿಕೊಳ್ಳುತ್ತ ಕೂತಿದ್ದರು. ಪಕ್ಕದಲ್ಲಿ ಅವರ ಬಾಲ್ಯದ ಗೆಳೆಯ, ಭಾಷಣ ಬರೆದುಕೊಡುವ ನಿವೃತ್ತ ಮಾಸ್ತರ ಪ್ರಹ್ಲಾದರಾವ್. ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದಿಂದ ಈ ಇಬ್ಬರು ದೊಡ್ಡ ಮನುಷ್ಯರು ಜೀಪು ಮಾಡಿಕೊಂಡು ಬಂದದ್ದು ಆ ಒಂದು ಬಲ್ಬು ನಂದಿಸಲಿಕ್ಕೆ.

ಹೋದ ತಿಂಗಳು ವಿಧಾನಸಭೆಯಲ್ಲಿ ಮಂತ್ರಿಗಳು, ಬಡವರ ಮನೆಮನೆಗೂ ಪುಕ್ಕಟೆ ದೀಪ ಕೊಟ್ಟಿದ್ದೇವೆ ಎಂದು ಎದೆ ತಟ್ಟಿಕೊಂಡಿದ್ದರು. ಅಣವೀರಪ್ಪನವರು ಎದ್ದು ನಿಂತು, ಕಮಲಾಪುರದ ಪುತಳಾಬಾಯಿಯ ಮನೆಗೆ ವೈರು ಎಳೆದು ಎರಡು ವರ್ಷವಾದರೂ ಕರೆಂಟು ಬಂದಿಲ್ಲ, ಇದು ಸುಳ್ಳಾದರೆ ಇವತ್ತೇ ರಾಜೀನಾಮೆ ಎಂದು ಮೇಜು ಗುದ್ದಿದರು. ಮಾತು ನೂರಕ್ಕೆ ನೂರು ನಿಜವಾಗಿತ್ತು. ಆದರೆ ಮೂರೇ ದಿನಕ್ಕೆ ಲೈನ್‌ಮನ್ ಇಮಾಮುದ್ದೀನ್ ಕಂಬ ಹತ್ತಿ ದೀಪ ಹಚ್ಚಿ ಹೋದ. ಈಗ ಮಂತ್ರಿಗಳು, ದೀಪ ಉರಿಯುತ್ತಿದೆ, ಬೇಕಾದವರು ನೋಡಿ ಬರಲಿ ಅನ್ನುತ್ತಿದ್ದಾರೆ. ನಾಳೆ ಹನ್ನೊಂದಕ್ಕೆ ಶಾಸಕರ ಸಮಿತಿ ಪೇಪರಿನವರನ್ನು ಕಟ್ಟಿಕೊಂಡು ಇದೇ ಮನೆಗೆ ಬರುವುದಿತ್ತು.

ಅಣವೀರಪ್ಪ: ನಾ ಸುಳ್ಳ ಹೇಳೀನಿ ಅಂತ ಪೇಪರಿನ್ಯಾಗ ಬರ್ತದ. ನನ್ನ ಖುರ್ಚಿ ಹೋಗ್ತದ ಯವ್ವಾ.

ಪುತಳಾಬಾಯಿ: ಹೋದ್ರ ಚಾಪಿ ಮ್ಯಾಲ ಕೂಡ್ರಿ. ಈಗ ಕೂತೀರಲ್ಲ, ಏನಾಗ್ಯದ?

ಪ್ರಹ್ಲಾದರಾವ್ ಕೆಮ್ಮುವ ನೆವದಲ್ಲಿ ಮುಖ ಆಚೆ ತಿರುಗಿಸಿದರು. ಶಾಸಕರು ದಾರಿ ಬದಲಿಸಿದರು.

ಅಣವೀರಪ್ಪ: ಅಲ್ಲ, ಹಗಲಿನ್ಯಾಗ ಯಾಕ ಉರಸ್ತಿ? ಕರೆಂಟ್ ಉಳಸ್ರಿ ಅಂತ ಊರೂರು ತಿರಗಿ ಹೇಳವ ನಾ.

ಪುತಳಾಬಾಯಿ: ಹಚ್ಚಿದವ ಇಮಾಮುದ್ದೀನ್. ಹಚ್ಚಿದ ದೀಪ ನಾ ನನ್ನ ಕೈಲೆ ಕಳಿಯಂಗಿಲ್ಲ. ಮನಿಗಿ ಬಂದ ಲಕ್ಷ್ಮೀಗಿ ಹೊರಗ ನಡಿ ಅಂತಾರೇನ್ರಿ? ದಿನಾ ನಾಕ ತಾಸು ತಾನ ಹೋಗ್ತದ, ತಾನ ಬರ್ತದ. ಅದರ ಖುಷಿ.

ಅಣವೀರಪ್ಪ: ಅದೆಲ್ಲ ಎಣ್ಣಿ ದೀಪಕ್ಕ. ಇದಕ್ಕ ಬಟನ್ ಕೂಡ್ಸ್ಯಾರ ನೋಡು.

ಪ್ರಹ್ಲಾದರಾವ್: ಶಾಸ್ತ್ರದಾಗ ಎಣ್ಣಿ ಅಂತ ಬ್ಯಾರೆ ಹೇಳಿಲ್ಲೋ ಅಣವೀರ. ದೀಪ ಅಂತಷ್ಟೇ ಅದ.

ಅಣವೀರಪ್ಪ: ನೀ ಯಾರ ಕಡಿಯವ?

ಪ್ರಹ್ಲಾದರಾವ್: ಭಾಷಣಕ್ಕ ನಿನ್ನ ಕಡಿ. ಶಾಸ್ತ್ರಕ್ಕ ಅವ್ರ ಕಡಿ.

ಇಂಥ ಗೆಳೆಯನಿದ್ದರೆ ಆಡಳಿತ ಪಕ್ಷ ಬೇರೆ ಯಾಕೆ ಬೇಕು? ಅಣವೀರಪ್ಪನವರು ಮೇಲೆದ್ದರು. ದೀಪ ನಂದಿಸುವುದು ಬೇಡ, ಬಲ್ಬನ್ನೇ ಬಿಚ್ಚಿ ಒಂದು ದಿನ ಜೀಪಿನಲ್ಲಿಟ್ಟುಕೊಳ್ಳುತ್ತೇನೆ, ನಾಡಿದ್ದು ನಾನೇ ಹಾಕಿಸಿಕೊಡುತ್ತೇನೆ ಎಂದು ಟವೆಲನ್ನು ಕೈಗೆ ಸುತ್ತಿಕೊಂಡು ಜಂತಿಯ ಕಡೆ ಕೈ ಚಾಚಿದರು. ಪುತಳಾಬಾಯಿ ಬಾಳೆಹಣ್ಣಿನ ಬುಟ್ಟಿ ಬಿಟ್ಟು ಬಂದು ಅವರ ಎದುರಿಗೆ ನಿಂತಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ಪುತಳಾಬಾಯಿ: ಎರಡು ವರ್ಷ ಚಿಮಣಿ ಹೊಗಿ ಕುಡದೀನ್ರಿ. ಆ ಬೆಳಕಿನ್ಯಾಗ ಕೆಂಪು ಹಣ್ಣು, ಕೊಳತ ಹಣ್ಣು ಎರಡೂ ಒಂದೇ ಕಾಣ್ತಿದ್ವು. ಮುಂಜಾನಿ ಗಿರಾಕಿ ಬೈದು ಮಾರಿ ಮ್ಯಾಲ ಒಗೀತಿದ್ರು. ಈಗ ಸಂಜಿಮುಂದ ಕೂತು ಒಂದೊಂದು ನೋಡಿ ಬ್ಯಾರೆ ಮಾಡ್ತೀನಿ. ಹದಿನೈದು ದಿನ ಆಯ್ತು, ಒಬ್ಬರೂ ಬೈದಿಲ್ಲ. ಅದಕ್ಕ ಕೈ ಹಚ್ಚಬ್ಯಾಡ್ರಿ.

ಅಣವೀರಪ್ಪನವರ ಕೈ ಕೆಳಗಿಳಿಯಿತು. ಮನುಷ್ಯ ಕೆಟ್ಟವರಲ್ಲ, ರಾಜಕಾರಣದ ಅವಸರದಲ್ಲಿದ್ದವರು ಅಷ್ಟೆ. ನಾಚಿಕೆಯಾಗಿ ಮತ್ತೆ ಚಾಪೆಯ ಮೇಲೆ ಕೂತರು. ಹಾಗಾದರೆ ನಾಳೆಗೆ ರಾಜೀನಾಮೆ ಬರಿ ಮಾರಾಯ ಎಂದು ಗೆಳೆಯನಿಗೆ ಹೇಳಿದರು. ಪ್ರಹ್ಲಾದರಾವ್ ಜೇಬಿನ ಪೆನ್ನು ತೆಗೆದು, ಇಂಗ್ಲೀಷಿನಲ್ಲೋ ಕನ್ನಡದಲ್ಲೋ ಎಂದು ಕೇಳಿದರು.

ಪುತಳಾಬಾಯಿ: ತಡೀರಿ. ನೀವು ಬೆಂಗಳೂರಾಗ ಮಾತಾಡಿದ್ದು ಎಂದ?

ಅಣವೀರಪ್ಪ: ಸೋಮವಾರ.

ಪುತಳಾಬಾಯಿ: ಇಮಾಮುದ್ದೀನ್ ಕಂಬ ಹತ್ತಿದ್ದು ಗುರುವಾರ. ಇಡೀ ಓಣಿ ನಿಂತು ನೋಡ್ಯದ. ನಾಳಿ ಬರವ್ರಿಗಿ ಇಷ್ಟ ಹೇಳ್ತೀನಿ: ಎರಡು ವರ್ಷ ಬರದಿದ್ದ ಬೆಳಕು, ನಮ್ಮ ಸಾಹೇಬ್ರು ಬಾಯಿ ತೆಗೆದ ಮೂರನೇ ದಿನಕ್ಕ ಬಂತು. ಸುಳ್ಳ ಯಾರದು, ಖರೇ ಯಾರದು, ಅವ್ರೇ ತಿಳಕೊಳ್ಳಲಿ.

ಮೂವತ್ತು ವರ್ಷ ಮಕ್ಕಳಿಗೆ ತರ್ಕ ಕಲಿಸಿದ ಮಾಸ್ತರರಿಗೆ, ಮೂರು ಸಲ ಗೆದ್ದ ಶಾಸಕರಿಗೆ ಹೊಳೆಯದ ಮಾತು ಬಾಳೆಹಣ್ಣು ಮಾರುವವಳಿಗೆ ಹೊಳೆದಿತ್ತು. ಪ್ರಹ್ಲಾದರಾವ್ ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡರು. ಅಣವೀರಪ್ಪನವರಿಗೆ ಹೋದ ಜೀವ ಬಂದಂತಾಯಿತು. ಏನು ಬೇಕು ಕೇಳು ಎಂದರು. ಸರ್ಕಾರ ವಿಧವೆಯರಿಗೆ ಕೊಡುವ ತಿಂಗಳ ಪಗಾರ ಒಂಬತ್ತು ತಿಂಗಳಿಂದ ಬಂದಿಲ್ಲ, ತನಗೂ ಇಲ್ಲ, ಪಕ್ಕದ ಮನೆಯ ಶಂಕ್ರಮ್ಮನಿಗೂ ಇಲ್ಲ, ಮುಂದಿನ ಸಲ ಅದರ ಮೇಲೆ ಮೇಜು ಗುದ್ದಬೇಕು ಎಂದಳು.

ಅಣವೀರಪ್ಪ: ಗುದ್ದೂದು ಯಾಕ? ಬರೂ ಇಲೆಕ್ಷನ್ನಿಗಿ ನಮ್ಮ ಸರ್ಕಾರ ಬರ್ತದ, ನಾನ ಮಂತ್ರಿ ಆಗ್ತೀನಿ. ಪಗಾರ ಮನಿ ಬಾಗಲಿಗಿ ಕಳಸ್ತೀನಿ.

ಪುತಳಾಬಾಯಿಯ ಮುಖ ಸಣ್ಣದಾಯಿತು.

ಪುತಳಾಬಾಯಿ: ಬ್ಯಾಡ್ರಿ ಎಪ್ಪಾ. ಹೋದ ಸಲ ನಿಮ್ಮ ಸರ್ಕಾರ ಇದ್ದಾಗ ಅರ್ಜಿ ಹಿಡಕೊಂಡು ನಾಕು ಸಲ ನಿಮ್ಮ ಬಾಗಲಿಗಿ ಬಂದೆ. ಸಾಹೇಬ್ರು ಮೀಟಿಂಗಿನ್ಯಾಗ ಅದಾರ ಅಂದ್ರು. ನೀವು ಹಿಂಗ ಹೊರಗ ಇದ್ದರ ನಮಗ ಚಲೋ.

ಅಣವೀರಪ್ಪ: ಅಂದ್ರ ನನಗ ವೋಟು ಹಾಕಂಗಿಲ್ಲೇನು?

ಪುತಳಾಬಾಯಿ: ಯಾಕ ಹಾಕಂಗಿಲ್ರಿ? ನಾ ಹಾಕ್ತೀನಿ, ಶಂಕ್ರಮ್ಮ ಹಾಕ್ತಾಳ, ಇಡೀ ಓಣಿ ಹಾಕ್ತದ. ನೀವು ಗೆದ್ದ ಬರ್ರಿ. ನಿಮ್ಮ ಪಾರ್ಟಿ ಅಷ್ಟ ಸೋಲಲಿ.