ಸದ್ದು ಅಳೆದ ಶನಿವಾರ

"ನಾನ್ಯಾರಿಗೂ ಹೇಳಲ್ಲ ಬಿಡೋ" ಎಂದಳು ಅಮ್ಮ. ಎಮ್ಮೆಸ್ಸಿಯ ಕತೆ ಮುಗಿದದ್ದು ಅಲ್ಲಿಗೇ. ಅವನಿಗೆ ಅದು ಗೊತ್ತಾಗಿದ್ದು ಮಾತ್ರ ಸಂಜೆ ಐದೂವರೆಗೆ.

ಎಮ್ಮೆಸ್ಸಿ ಅನ್ನುವುದು ಬೀದಿಯವರು ಇಟ್ಟ ಹೆಸರು. ಪರಿಸರ ವಿಜ್ಞಾನದಲ್ಲಿ ಆ ಡಿಗ್ರಿ ತಗೊಂಡು ಎರಡು ವರ್ಷವಾಗಿತ್ತು. ಡಿಗ್ರಿ ಬೀರುವಿನಲ್ಲಿ, ಅವನು ಬಾಲ್ಕನಿಯಲ್ಲಿ, ಇಬ್ಬರಿಗೂ ಸಮನಾಗಿ ಧೂಳು. ಇಂಟರ್ನ್‌ಶಿಪ್ ಕೇಳಿ ಹದಿನಾಲ್ಕು ಕಡೆ ಅರ್ಜಿ ಹಾಕಿದ್ದ. ಕರೆದದ್ದು ಒಂದೇ ಒಂದು ಪರಿಸರ ಸಂಶೋಧನಾ ಸಂಸ್ಥೆ. ಅಲ್ಲಿನ ಮೇಡಂ ಅವನ ಕೈಗೆ ಟಾರ್ಚ್ ಗಾತ್ರದ ಒಂದು ಮೀಟರ್, ಒಂದು ನೋಟ್‌ಬುಕ್ ಕೊಟ್ಟಿದ್ದರು.

"ಇದೇ ಪರೀಕ್ಷೆ. ಶನಿವಾರ ಒಂಬತ್ತರಿಂದ ಐದರವರೆಗೆ ನಿಮ್ ಬೀದಿ ಸದ್ದು ಅಳೀಬೇಕು. ಯಾವ ಸದ್ದು, ಎಲ್ಲಿಂದ, ಎಷ್ಟು, ಎಲ್ಲಾ ಬರೀಬೇಕು. ಬೀದಿಯವರಿಗೆ ಗೊತ್ತಾಗಬಾರದು. ಗೊತ್ತಾಯ್ತೋ, ನೀನು ಔಟ್."

ಔಟಾದರೆ ಸೋಮವಾರದಿಂದ ಎದುರಿನ ಶೆಡ್ಡು. ಹಳೇ ಎಣ್ಣೆ ಡ್ರಮ್ಮುಗಳನ್ನು ಸುತ್ತಿಗೆಯಲ್ಲಿ ಬಡಿದು ತಗಡು ಮಾಡುವ ಶೆಡ್ಡು. ಮಾಲೀಕ ಅಮ್ಮನ ಸ್ವಂತ ತಮ್ಮ, ಊರಿಗೆಲ್ಲ ಡ್ರಮ್ ಮಾಮ. ಅಪ್ಪ ಅಲ್ಲಿ ಇಪ್ಪತ್ತೆರಡು ವರ್ಷ ಬಡಿದು, ಎರಡೂ ಕಿವಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಿದ್ದ. ಈಗ ಅವನ ಪಕ್ಕದಲ್ಲಿ ಲಾರಿ ಟೈರು ಸಿಡಿದರೂ "ಯಾರೋ ಕರೆದಂಗಾಯ್ತು" ಎನ್ನುತ್ತಾನೆ. ಎಮ್ಮೆಸ್ಸಿಯ ಅಳತೆಗೆ ಸರಿಯಾದ ಸುತ್ತಿಗೆಯೊಂದನ್ನು ಮಾಮ ಆಗಲೇ ಎತ್ತಿಟ್ಟಿದ್ದ.

ಅಮ್ಮನಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಅವಳು ಯಾರಿಗೂ ಹೇಳಲಿಲ್ಲ. ತಮ್ಮನಿಗೆ ಮಾತ್ರ ಹೇಳಿದಳು.

ಒಂಬತ್ತಕ್ಕೆ ಸರಿಯಾಗಿ ಶೆಡ್ಡಿನ ಬಾಗಿಲು ತೆರೆಯಿತು. ಸುತ್ತಿಗೆ ಏಳಲಿಲ್ಲ. ಹನ್ನೊಂದು ಜನ ಕೆಲಸಗಾರರು ಹೊರಗೆ ಸಾಲಾಗಿ ಕೂತು, ಸಾವಿನ ಮನೆಗೆ ಬಂದ ನೆಂಟರ ಹಾಗೆ ನೆಲ ನೋಡುತ್ತಿದ್ದರು.

"ಅಮ್ಮಾ! ಮಾಮಂಗೆ ಹೇಳ್ದಾ?"

"ಒಡಹುಟ್ಟಿದವನು ಕಣೋ. ಅವನು ಯಾರೋ ಹೇಗಾಗ್ತಾನೆ?"

ಎಮ್ಮೆಸ್ಸಿ ಓಡಿಹೋಗಿ ಮಾಮನ ಕೈ ಹಿಡಿದ. "ಮಾಮ, ದಮ್ಮಯ್ಯ, ದಿನಾ ಬಡಿಯೋ ಹಾಗೆ ಬಡೀರಿ. ನನ್ ಜೀವನದ ಪ್ರಶ್ನೆ."

ಮಾಮ ಅವನ ಭುಜದ ಮೇಲೆ ಕೈಯಿಟ್ಟ. "ಅಳಿಯಾ, ಈ ಮಾಮಂಗೆ ಗುಡುಗೋದೂ ಗೊತ್ತು, ಗಪ್‌ಚುಪ್ ಇರೋದೂ ಗೊತ್ತು. ಗುಡುಗನ್ನ ಬೀದಿ ನೋಡಿದೆ. ಇವತ್ತು ಗಪ್‌ಚುಪ್ ನೋಡಲಿ!" ಎಂದು ಸ್ಲೋ ಮೋಷನ್ನಿನಲ್ಲಿ ತಿರುಗಿ ನಡೆದ. ಹಿನ್ನೆಲೆ ಸಂಗೀತ ಒಂದು ಇರಲಿಲ್ಲ, ಅದನ್ನೂ ಅವನೇ ನಿಲ್ಲಿಸಿದ್ದ.

ಪಾಪ, ಶೆಡ್ಡಿಗೆ ಬೀಗ ಬೀಳುತ್ತದೆಂದು ಮಾಮ ಹೆದರಿದ್ದಾನೆ ಅಂದುಕೊಂಡ ಎಮ್ಮೆಸ್ಸಿ. ಹತ್ತು ಗಂಟೆಯ ಹೊತ್ತಿಗೆ ಮಾಮ ಮನೆಮನೆಗೂ ಹೋಗಿ "ಇವತ್ತು ಅಳೀತಿದಾರೆ, ಸದ್ದು ಮಾಡ್ಬೇಡಿ" ಎಂದು ಕೈ ಮುಗಿದು ಬಂದಿದ್ದ. ಯಾರಿಗೂ ಗೊತ್ತಾಗಬಾರದ ಸಂಗತಿ ಈಗ ಗೊತ್ತಿಲ್ಲದಿದ್ದದ್ದು ಅಪ್ಪನಿಗೆ ಮಾತ್ರ.

ಕೆಳಗಿನ ಮನೆಯ ರಿಟೈರ್ಡ್ ಮೇಷ್ಟ್ರು ಇದನ್ನು ಕೇಳಿ ಕೆಂಡವಾದರು. ಆ ಶೆಡ್ಡಿನ ಮೇಲೆ ಒಂಬತ್ತು ವರ್ಷದಿಂದ ದೂರು ಬರೆದೂ ಬರೆದೂ ಅವರ ಬೆರಳು ಸೊಟ್ಟಗಾಗಿತ್ತು. ಮೂರೂವರೆವರೆಗೂ ತಡೆದುಕೊಂಡು, ಕೊನೆಗೆ ಬಾಲ್ಕನಿಗೇ ಹತ್ತಿ ಬಂದರು.

"ಅಳೆಯೋಕೆ ಬಂದ ದಿನಾನೇ ಮೌನವ್ರತನಾ? ಸದ್ದು ತಾನೆ ಬೇಕು ನಿನಗೆ? ನಾನ್ ಕೊಡ್ತೀನಿ, ಬರ್ಕೋ!"

"ಸಾರ್, ಅದು ಸುಳ್ಳು ಅಳತೆ ಆಗುತ್ತೆ..."

"ಅವನದು ಸುಳ್ಳು ಮೌನ, ನಂದು ಸುಳ್ಳು ಸದ್ದು. ಲೆಕ್ಕ ಸರಿಹೋಯ್ತು!"

ಮೇಷ್ಟ್ರು ಮೀಟರಿನ ಪಕ್ಕಕ್ಕೇ ಬಂದು ಕಬ್ಬಿಣದ ಬಕೆಟ್ಟಿಗೆ ಸೌಟಿನಿಂದ ಬಾರಿಸತೊಡಗಿದರು. ಎಂಬತ್ತೆಂಟು ಡೆಸಿಬೆಲ್. ಮಾಮ ಮೆಟ್ಟಿಲು ಹಾರಿ ಬಂದು ಬಕೆಟ್ ಹಿಡಿದ. ಇವರು ಎಳೆದರು, ಅವನು ಎಳೆದ. ನಡುವೆ ಎಮ್ಮೆಸ್ಸಿ, ಮೀಟರನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು, "ಬಿಡೀ! ಬಿಡೀ!" ಬಿಟ್ಟರು. ಬಕೆಟ್ಟು ಮೆಟ್ಟಿಲಿಳಿಯಿತು. ಅದರ ಹಿಂದೆಯೇ ಮೇಷ್ಟ್ರ ಹಲ್ಲುಸೆಟ್ಟು.

ಆಗ ಅಪ್ಪ ಹೊರಬಂದ. ಕಿವಿ ಕೇಳದವರ ದನಿ ಗೊತ್ತಲ್ಲ, ತಮ್ಮದು ತಮಗೇ ಮುಟ್ಟುವುದಿಲ್ಲ.

"ಏನ್ರೋ ಇದು? ಬೆಳಿಗ್ಗೆಯಿಂದ ನೆಲ ನಡುಗ್ತಾ ಇಲ್ಲ? ಯಾರ್ ಸತ್ರೋ?"

ತೊಂಬತ್ತಾರು. ಆ ದಿನದ ಅತಿ ದೊಡ್ಡ ಸದ್ದು. ಅಪ್ಪ ಚಪ್ಪಲಿ ಕಳಚಿ, ಬರಿಗಾಲನ್ನು ನೆಲಕ್ಕೆ ಒತ್ತಿ ನಿಂತಿದ್ದ, ನಾಡಿ ಸಿಗದ ಡಾಕ್ಟರನ ಹಾಗೆ. ಎಮ್ಮೆಸ್ಸಿ ನೋಟ್‌ಬುಕ್ ತೆರೆದು ಬರೆದ: "ಮೂರು ನಲವತ್ತು. ತೊಂಬತ್ತಾರು. ಅಪ್ಪ."

ಐದೂವರೆಗೆ ಸಂಸ್ಥೆಯ ಆಫೀಸಿನಲ್ಲಿ ಮೇಡಂ ಆ ಪುಟದ ಮೇಲೆ ಬೆರಳಿಟ್ಟರು. "ಡ್ರಮ್ ಶೆಡ್ಡಿನ ಸಾಲು ಖಾಲಿ ಇದೆಯಲ್ಲ?"

"ಸದ್ದು ಬರಲಿಲ್ಲ ಮೇಡಂ."

"ಇಡೀ ದಿನ? ಅವರಿಗೆ ಮೊದಲೇ ಗೊತ್ತಿತ್ತಾ?"

ಹೌದೆಂದರೆ ಔಟ್. "ಇಲ್ಲ ಮೇಡಂ. ಅವರು... ದಿನಾ ಹೀಗೇ."

"ಬಕೆಟ್ಟು, ಸರಿ. ಈ ಅಪ್ಪ ಅನ್ನೋದು ಯಾವ ಮೆಷಿನ್ನು?"

"ಮೆಷಿನ್ ಅಲ್ಲ ಮೇಡಂ, ನಮ್ಮಪ್ಪ. ಕಿವಿ ಕೇಳಲ್ಲ, ಕೂಗಿ ಮಾತಾಡ್ತಾರೆ."

"ಓ. ಏನಾಯ್ತು ಕಿವಿಗೆ?"

ಎಮ್ಮೆಸ್ಸಿ ಶೆಡ್ಡಿನ ಖಾಲಿ ಸಾಲು ನೋಡಿದ.

"ವಯಸ್ಸು ಮೇಡಂ."

"ಮನೆ ಸದ್ದು ಲೆಕ್ಕಕ್ಕಿಲ್ಲ" ಎಂದು ಮೇಡಂ ಅಪ್ಪನ ಮೇಲೆ ಅಡ್ಡಗೀಟು ಎಳೆದರು. ಒಂದು ಕಾಗದಕ್ಕೆ ಸಹಿ ಹಾಕಿ ಸೀಲು ಒತ್ತಿದರು. "ಶಭಾಷ್. ನೀಟಾಗಿ ಮಾಡಿದೀಯ."

"ಹಾಗಾದ್ರೆ ಇಂಟರ್ನ್‌ಶಿಪ್ಪು ನಂಗೇನಾ ಮೇಡಂ?"

"ಈ ವರ್ಷ ಸೀಟಿಲ್ಲಪ್ಪ. ಹೆಸರು ಬರ್ಕೊಂಡಿದೀವಿ."

"ಮತ್ತೆ ಈ ಪರೀಕ್ಷೆ?"

"ಆ ಶೆಡ್ಡಿನವರು ಎರಡನೇ ಪಾಳಿಗೆ ಪರ್ಮಿಷನ್ ಕೇಳಿದ್ರು. ಸದ್ದು ಅಳೆದು ಕೊಡಿ ಅಂತ ನಮಗೆ ಬಂತು. ನಮ್ಮಲ್ಲಿ ಜನ ಎಲ್ಲಿದಾರೆ? ಅರ್ಜಿ ಕಂತೆಯಲ್ಲಿ ಆ ಬೀದಿ ಅಡ್ರೆಸ್ ಇದ್ದದ್ದು ನಿಂದೊಂದೇ."

"ನನ್ ಮಾರ್ಕ್ಸ್ ನೋಡಿ ಕರೆದಿದ್ದಲ್ವಾ?"

"ಅದನ್ನ ಇನ್ನೂ ತೆಗೆದು ನೋಡಿಲ್ಲ" ಎಂದು ಮೇಡಂ ಸೀಲೊತ್ತಿದ ಕಾಗದವನ್ನು ಅವನ ಕೈಗಿಟ್ಟರು. "ಹೋಗ್ತಾ ಒಂದು ಉಪಕಾರ ಮಾಡು. ಪಾರ್ಟಿ ಗೇಟ್ ಹತ್ರ ಕಾಯ್ತಿದಾರೆ. ಕೊಟ್ಬಿಡು."

ಗೇಟಿನ ಬಳಿ ಡ್ರಮ್ ಮಾಮ ನಿಂತಿದ್ದ, ಹೊಸ ಶರ್ಟು ಹಾಕಿಕೊಂಡು. ಕಾಗದವನ್ನು ಎರಡು ಸಲ ಓದಿ ಕಣ್ಣಿಗೊತ್ತಿಕೊಂಡ. ಎಮ್ಮೆಸ್ಸಿಯನ್ನು ಬರಸೆಳೆದು ಅಪ್ಪಿಕೊಂಡ.

"ನನ್ ಅಕ್ಕನ ಹೊಟ್ಟೇಲಿ ಹುಟ್ಟಿದ್ದಕ್ಕೂ ಸಾರ್ಥಕ ಕಣೋ! ಎರಡು ಪಾಳಿ ಅಂದ್ರೆ ಜನ ಸಾಲಲ್ಲ. ಸೋಮವಾರ ಗೀಮವಾರ ಎಲ್ಲಾ ಬೇಡ ಅಳಿಯಾ, ಇವತ್ತೇ ಏಳಕ್ಕೆ ಬಂದ್ಬಿಡು."