ಅತ್ತೆಯ ಒಂದು ಕಾಮೆಂಟು

ಕೆಲಸ ಬೇಕೆಂದರೆ ಅರ್ಜಿ ಹಾಕಬೇಕು ಎಂದು ನಂಬಿದ್ದ ಕಾಲದವಳು ನಾನು. ನಂಬಿ ಮೂವತ್ತೆಂಟು ಅರ್ಜಿ ಹಾಕಿದೆ. ಮೂವತ್ತೇಳಕ್ಕೆ ಉತ್ತರವೇ ಇಲ್ಲ. ಬಂದ ಒಂದೇ ಒಂದು ಉತ್ತರ 'ಪ್ರಿಯ ಮಹಾಶಯರೇ, ನಿಮ್ಮ ಅನುಭವ ನಮಗೆ ಬಹಳ ಹಿಡಿಸಿತು, ಆದರೆ' ಎಂದು ಶುರುವಾಗಿತ್ತು. ಆ 'ಆದರೆ'ಯಿಂದ ಮುಂದಕ್ಕೆ ನಾನು ಓದಲಿಲ್ಲ. (ಮಹಾಶಯರೇ ಎಂದದ್ದಕ್ಕೇ ಅರ್ಧ ಜೀವ ಹೋಗಿತ್ತು.)

ನನ್ನ ಕಸುಬು ಏನೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯವರಿಗೇ ಅದು ಇನ್ನೂ ಸರಿಯಾಗಿ ಗೊತ್ತಿಲ್ಲ. ನಾನು ರಟ್ಟಿನ ಪೆಟ್ಟಿಗೆಗಳ ವಿನ್ಯಾಸಕಿ. ನೀವು ಅಂಗಡಿಯಿಂದ ತರುವ ಸೋಪು, ಬಲ್ಬು, ಚಪ್ಪಲಿ ಎಲ್ಲಕ್ಕೂ ಒಂದು ಪೆಟ್ಟಿಗೆ ಇರುತ್ತದಲ್ಲ, ಅದನ್ನು ಎಲ್ಲಿ ಮಡಚಬೇಕು, ಎಲ್ಲಿ ಕತ್ತರಿಸಬೇಕು, ಯಾವ ಕಿವಿ ಯಾವ ಸೀಳಿನೊಳಗೆ ಹೋಗಬೇಕು ಎಂದು ಗೆರೆ ಎಳೆಯುವವರು ಒಬ್ಬರಿರುತ್ತಾರೆ. ಒಂದು ಕಾಲಕ್ಕೆ ಆ ಒಬ್ಬರು ನಾನಾಗಿದ್ದೆ. ಆಮೇಲೆ ಮಗಳು ಹುಟ್ಟಿದಳು, ಮಾವನವರು ಹಾಸಿಗೆ ಹಿಡಿದರು. 'ಒಂದಾರು ತಿಂಗಳು ಬಿಡುವು ತಗೋತೀನಿ' ಎಂದು ಮನೆಯಲ್ಲಿ ಕುಳಿತೆ. ಆ ಆರು ತಿಂಗಳು ಮುಗಿಯುವಷ್ಟರಲ್ಲಿ ಹನ್ನೊಂದು ವರ್ಷ ಕಳೆದಿತ್ತು. ಈಗ ಮಾವನವರಿಲ್ಲ, ಮಗಳಿಗೆ ನನಗಿಂತ ಅವಳ ಗೆಳತಿಯರು ಬೇಕು. ನನಗೆ ನನ್ನ ಗೆರೆಗಳು ಬೇಕು. ಯಾರದಾದರೂ ಮನೆಗೆ ಹೋದರೆ ಕೊಟ್ಟ ಬಿಸ್ಕತ್ತನ್ನು ಬಿಟ್ಟು ಅದರ ಪೆಟ್ಟಿಗೆಯನ್ನು ಬಿಚ್ಚಿ ನೋಡುತ್ತಾ ಕೂರುತ್ತೇನೆ ಎಂದರೆ ನನ್ನ ಹಂಬಲ ಎಂಥದ್ದೆಂದು ನೀವೇ ಊಹಿಸಿ.

ದಾರಿ ತೋರಿಸಿದವಳು ನನ್ನ ನಾದಿನಿ. ಫೋನಿನಲ್ಲಿ ನನ್ನ ಗೋಳನ್ನೆಲ್ಲ ಕೇಳಿ ನಕ್ಕಳು.

"ಅತ್ತಿಗೆ, ಅರ್ಜಿ ಗಿರ್ಜಿ ಎಲ್ಲ ಹಳೇ ಕಥೆ. ದೊಡ್ಡೋರು ಪೋಸ್ಟ್ ಹಾಕ್ತಾರಲ್ಲ, ಅದರ ಕೆಳಗೆ ದಿನಾ ಕಾಮೆಂಟ್ ಬರೀರಿ. ನಾಲ್ಕು ಜನಕ್ಕೆ ಕಾಣೋ ಹಾಗೆ ಬರೀರಿ. ಒಂದಿನ ಅವರ ಕಣ್ಣಿಗೆ ಬೀಳ್ತೀರಿ. ನಂಗೆ ಕೆಲ್ಸ ಸಿಕ್ಕಿದ್ದೇ ಹಾಗೆ."

"ಏನಂತ ಬರೀಲಿ?"

"ನಿಮಗೆ ಗೊತ್ತಿರೋದನ್ನ ಬರೀರಿ, ಅಷ್ಟೆ."

ಮೊದಲಿನ ಮಾತುಗಳನ್ನು ನಾನು ವೇದವಾಕ್ಯವೆಂದು ತಲೆಯ ಮೇಲೆ ಹೊತ್ತುಕೊಂಡೆ. ಕೊನೆಯ ಮಾತನ್ನು ಮಾತ್ರ ಒಂದು ಕಿವಿಯಿಂದ ಕೇಳಿ ಇನ್ನೊಂದು ಕಿವಿಯಿಂದ ಬಿಟ್ಟೆ.

"ರೀ, ನಾಳೆಯಿಂದ ನಾನು ನೆಟ್‌ವರ್ಕಿಂಗ್ ಮಾಡ್ತೀನಿ," ಎಂದು ಗಂಡನಿಗೆ ಘೋಷಿಸಿದೆ. ಅವರು ಲಿಫ್ಟ್ ದುರಸ್ತಿ ಮಾಡುವ ಮೇಲ್ವಿಚಾರಕರು. ಮೇಲೆ ಹೋಗುವುದು, ಕೆಳಗೆ ಬರುವುದು ಅವರಿಗೆ ಅರ್ಥವಾಗುತ್ತದೆ, ಮುಂದೆ ಹೋಗುವ ವಿಚಾರ ಅಷ್ಟಕ್ಕಷ್ಟೆ.

"ಮಾಡು. ಆದ್ರೆ ನಮ್ಮನೇಲಿ ನೆಟ್‌ವರ್ಕ್ ಸರಿಯಾಗಿ ಸಿಗೋದು ಬಚ್ಚಲುಮನೆ ಕಿಟಕಿ ಹತ್ರ ಮಾತ್ರ," ಎಂದರು.

ಹೀಗಾಗಿ ನನ್ನ ವೃತ್ತಿಜೀವನದ ಎರಡನೇ ಪರ್ವ ಬಚ್ಚಲುಮನೆಯಲ್ಲಿ ಆರಂಭವಾಯಿತು.

ಯಾರ ಪೋಸ್ಟಿನ ಕೆಳಗೆ ಬರೆಯಬೇಕು ಎಂಬುದರಲ್ಲಿ ಅನುಮಾನವಿರಲಿಲ್ಲ. ನಮ್ಮ ಊರಿನ ಅತಿ ದೊಡ್ಡ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಮಾಲೀಕರಿದ್ದಾರೆ. ನಮ್ಮ ಕಸುಬಿನವರೆಲ್ಲ ಅವರನ್ನು ರಟ್ಟಿನ ದೊರೆ ಎನ್ನುತ್ತಾರೆ. ದೊರೆಗಳು ಪ್ರತಿದಿನ ಬೆಳಗ್ಗೆ ಆರಕ್ಕೆ ಲೋಕಕ್ಕೆ ಒಂದು ನುಡಿಮುತ್ತು ದಯಪಾಲಿಸುತ್ತಿದ್ದರು. 'ಇಂದು ನನ್ನ ಕಾರಿನ ಚಾಲಕನಿಗೆ ನಮಸ್ಕಾರ ಹೇಳಿದೆ. ಅವನ ಕಣ್ಣು ತೇವವಾಯಿತು. ನಾಯಕತ್ವ ಎಂದರೆ ಇದೇ.' ಅದರ ಕೆಳಗೆ ನಾನು, 'ಓದಿ ನನ್ನ ಕಣ್ಣೂ ತುಂಬಿ ಬಂತು ಸರ್' ಎಂದು ಬರೆದೆ. (ತುಂಬಿದ್ದು ಈರುಳ್ಳಿಯಿಂದ.) ಇನ್ನೊಂದು ದಿನ ಖಾಲಿ ಕುರ್ಚಿಯ ಚಿತ್ರ ಹಾಕಿ ಕೆಳಗೆ 'ಆರಂಭ' ಎಂದಷ್ಟೇ ಬರೆದಿದ್ದರು. ಆ ಒಂದು ಪದದ ಮೇಲೆ ನಾನು ಹದಿನಾಲ್ಕು ಸಾಲಿನ ಭಾಷ್ಯ ಬರೆದೆ. ಅಡುಗೆಮನೆಯಲ್ಲಿ ಹಾಲು ಉಕ್ಕಿತು.

ಆದರೆ ಅಲ್ಲಿ ನನ್ನಂಥವರು ನೂರಾರು ಜನ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರಿದ್ದಾರಲ್ಲ, ಹಾಗೆ ಒಬ್ಬ ಪುಣ್ಯಾತ್ಮ ಆರು ಗಂಟೆ ಒಂದು ಸೆಕೆಂಡಿಗೆಲ್ಲ 'ಅದ್ಭುತ ಸರ್' ಎಂದು ಹಾಕಿ ಜಾಗ ಹಿಡಿದಿರುತ್ತಿದ್ದ. ಪೋಸ್ಟನ್ನು ಓದುವುದಕ್ಕೆ ಮುಂಚೆಯೇ ಹಾಕುತ್ತಿದ್ದ ಎಂಬುದು ನನ್ನ ಅನುಮಾನ. ಅವನಿಗಿಂತ ಮುಂಚೆ ಹಾಕಬೇಕೆಂದು ಅಲಾರಂ ಇಟ್ಟುಕೊಂಡು ಎದ್ದು, ಬ್ರಷ್ಷು ಬಾಯಲ್ಲಿಟ್ಟುಕೊಂಡೇ ದೊರೆಗಳನ್ನು ಹೊಗಳುತ್ತಿದ್ದೆ. ಮೂರು ತಿಂಗಳಲ್ಲಿ ದೊರೆಗಳಿಂದ ಬಂದದ್ದು ಒಂದೇ ಒಂದು ಲೈಕು. ಓಡಿ ಹೋಗಿ ಗಂಡನಿಗೆ ತೋರಿಸಿದೆ.

"ಬೆರಳು ತಾಗಿರ್ಬೇಕು ಬಿಡು," ಎಂದರು.

ಈಗ ಅತ್ತೆಯವರ ಪ್ರವೇಶ. ಅವರಿಗೆ ಎಪ್ಪತ್ತೊಂದು ವರ್ಷ. ನನ್ನ ನಾದಿನಿ ಕೊಡಿಸಿದ ಫೋನಿದೆ. ಅದಕ್ಕೆ ಬಾಯಿಂದ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ಹೇಳುವುದಕ್ಕೆ ಅವರಲ್ಲಿ ಯಾವತ್ತೂ ಕೊರತೆ ಇರಲಿಲ್ಲ.

"ದಿನಾ ಬೆಳಗಾದ್ರೆ ಬಚ್ಚಲಲ್ಲಿ ನಿಂತ್ಕೊಂಡು ಏನಮ್ಮ ಬರೀತೀಯ?"

"ದೊಡ್ಡೋರ ಮಾತಿನ ಕೆಳಗೆ ನಮ್ಮ ಅಭಿಪ್ರಾಯ ಹೇಳೋದು ಅತ್ತೆ. ಕೆಲ್ಸಕ್ಕೆ ಅನುಕೂಲ ಆಗುತ್ತೆ."

"ಯಾರು ಬೇಕಾದ್ರೂ ಹೇಳ್ಬಹುದಾ?"

"ಯಾರು ಬೇಕಾದ್ರೂ ಹೇಳ್ಬಹುದು," ಎಂದೆ. ಆಗ ಸುಮ್ಮನಿರದಿದ್ದ ನನ್ನ ನಾಲಿಗೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅದಾದ ಮೂರನೇ ದಿನ ದೊರೆಗಳು ತಮ್ಮ ಕಾರ್ಖಾನೆಯ ಹೊಸ ಪೆಟ್ಟಿಗೆಯ ಚಿತ್ರ ಹಾಕಿದರು. 'ಕತ್ತರಿ ಬೇಡ, ಚಾಕು ಬೇಡ, ಒಂದೇ ಬೆರಳು ಸಾಕು' ಎಂದು ಶೀರ್ಷಿಕೆ. ನೋಡಿದ ಕೂಡಲೇ ಗುರುತು ಹಿಡಿದೆ. ಹಿಂದಿನ ವಾರ ಅತ್ತೆಯವರ ಮಂಡಿಗೆಂದು ತರಿಸಿದ ಬಿಸಿನೀರಿನ ಚೀಲ ಇದೇ ಪೆಟ್ಟಿಗೆಯಲ್ಲಿ ಬಂದಿತ್ತು. ಅತ್ತೆ ಅದನ್ನು ಬೆರಳಲ್ಲಿ ಎಳೆದರು, ಉಗುರಲ್ಲಿ ಕೆರೆದರು, ಹಲ್ಲಲ್ಲಿ ಕಚ್ಚಿದರು, ಕೊನೆಗೆ ಮಗನ ಸ್ಕ್ರೂಡ್ರೈವರ್ ತಂದು ಮೀಟಿದರು. ನಾನು ನೋಡಿ ಸಿಡಿಮಿಡಿಗೊಂಡಿದ್ದೆ. ಬಟ್ಟೆಗೆ ಇದ್ದಂತೆ ರಟ್ಟಿಗೂ ಎಳೆ ಇರುತ್ತದೆ. ಪೆಟ್ಟಿಗೆ ತೆರೆಯಲು ಹರಿಯುವ ಪಟ್ಟಿ ಆ ಎಳೆಯ ಜೊತೆಗೆ ಹೋಗಬೇಕು. ಅಡ್ಡಕ್ಕೆ ಇಟ್ಟರೆ ಅರ್ಧಕ್ಕೇ ಕಿತ್ತು ಕೈಗೆ ಬರುತ್ತದೆ. 'ಇದನ್ನ ಮಾಡಿದವನಿಗೆ ರಟ್ಟು ಅಂದ್ರೇನು ಅಂತಾನೇ ಗೊತ್ತಿಲ್ಲ ಅತ್ತೆ' ಎಂದು ಅದೇ ಪೆಟ್ಟಿಗೆಯ ಬೆನ್ನಿಗೆ ಸರಿಯಾದ ಗೆರೆಗಳನ್ನು ಎಳೆದೂ ತೋರಿಸಿದ್ದೆ.

ಆದರೆ ಮನೆಯ ಮಾತು ಬೇರೆ, ನೆಟ್‌ವರ್ಕಿಂಗ್ ಬೇರೆ. ಬಚ್ಚಲುಮನೆಯ ಕಿಟಕಿಯಲ್ಲಿ ನಿಂತು ನಾನು ಬರೆದದ್ದು ಇದು: 'ಸರ್, ಇದು ಪೆಟ್ಟಿಗೆಯಲ್ಲ, ಕ್ರಾಂತಿ. ನಮ್ಮ ಮನೆಗೂ ಬಂದಿದೆ. ಎಪ್ಪತ್ತೊಂದು ವರ್ಷದ ನನ್ನ ಅತ್ತೆಯವರು ಒಂದೇ ಬೆರಳಿನಲ್ಲಿ ತೆರೆದು ಮಗುವಿನಂತೆ ನಕ್ಕರು.'

ನಲವತ್ತು ನಿಮಿಷದ ನಂತರ ಅದರ ಕೆಳಗೆ ಹೀಗೊಂದು ಬಂತು:

'ನಾನೇ ಆ ಅತ್ತೆ. ನಾನು ನಗಲಿಲ್ಲ. ನನ್ನ ಉಗುರು ಕಿತ್ತುಹೋಯಿತು. ಸ್ಕ್ರೂಡ್ರೈವರ್ ಹಾಕಿ ತೆಗೆದೆ. ಪಟ್ಟಿ ಎಳೆಗೆ ಅಡ್ಡ ಇದೆ ಎಂದು ನನ್ನ ಸೊಸೆಯೇ ಹೇಳಿದಳು. ಮಾಡಿದವನಿಗೆ ರಟ್ಟು ಅಂದರೇನು ಗೊತ್ತಿಲ್ಲ ಎಂದೂ ಹೇಳಿದಳು. ಇಲ್ಲಿ ಯಾಕೆ ಹೀಗೆ ಬರೆದಿದ್ದಾಳೋ ತಿಳಿಯದು, ಮನೆಯಲ್ಲಿ ಸುಳ್ಳು ಹೇಳುವ ಹುಡುಗಿ ಅಲ್ಲ. ಅವಳಿಗೊಂದು ಕೆಲಸ ಕೊಡಿ. ಬೆಳಗ್ಗೆ ಏಳುವುದು ಸ್ವಲ್ಪ ತಡ, ಮಿಕ್ಕಂತೆ ದೋಷವಿಲ್ಲ. ಬೆರಳಿನ ಫೋಟೋ ಹಾಕಿದ್ದೇನೆ.'

ಹಾಕಿದ್ದರು. ಬ್ಯಾಂಡೇಜು ಸುತ್ತಿದ ಬೆರಳು ಇಡೀ ಪರದೆ ತುಂಬ ಇತ್ತು.

"ಅತ್ತೆ, ದಯವಿಟ್ಟು ಅದನ್ನ ಅಳಿಸಿಬಿಡಿ."

"ಯಾಕೆ? ಅದ್ರಲ್ಲಿ ಯಾವ್ದು ಸುಳ್ಳು ಹೇಳು, ಅಷ್ಟನ್ನ ಅಳಿಸ್ತೀನಿ."

"ನನ್ನ ಮರ್ಯಾದೆ ಹೋಯ್ತು ಅತ್ತೆ. ಮೂರು ತಿಂಗಳು ಕಷ್ಟಪಟ್ಟಿದ್ದೀನಿ."

"ನಿಂಗೇ ಕೆಲ್ಸ ಕೊಡಿ ಅಂತ ತಾನೇ ಬರೆದಿದ್ದು? ನೀನು ಇಷ್ಟು ದಿನದಲ್ಲಿ ಒಂದ್ಸಲನಾದ್ರೂ ಬಾಯಿಬಿಟ್ಟು ಕೇಳಿದೀಯಾ?"

ನಾನು ಕೇಳಿರಲಿಲ್ಲ. ಅಷ್ಟರಲ್ಲಿ ಗಂಡ ಫೋನಿನಿಂದ ತಲೆ ಎತ್ತದೆ, "ಅಮ್ಮಂಗೆ ನಾನೂರು ಲೈಕ್ ಆಯ್ತು," ಎಂದರು. ಮಧ್ಯಾಹ್ನದ ಹೊತ್ತಿಗೆ ಟವೆಲ್ ಹಾಕುವ ಪುಣ್ಯಾತ್ಮನೂ ಬಂದು 'ಅದ್ಭುತ ಅಮ್ಮ' ಎಂದು ಬರೆದು ಹೋಗಿದ್ದ. ನಾನು ಮಾತ್ರ ಹಾಸಿಗೆಯಲ್ಲಿ ಮುಸುಕೆಳೆದುಕೊಂಡು, ಇನ್ನು ಈ ಜನ್ಮಕ್ಕೆ ಯಾವ ಪೆಟ್ಟಿಗೆಯೂ ನನ್ನ ಕೈಗೆ ಬರುವುದಿಲ್ಲ ಎಂದು ಅತ್ತೆ. (ಇಲ್ಲಿ ಅತ್ತವಳು ನಾನು. ಅತ್ತೆಯವರು ಹೊರಗೆ ಆರಾಮವಾಗಿ ಕಾಫಿ ಕುಡಿಯುತ್ತಿದ್ದರು.)

ಸಂಜೆ ಐದಕ್ಕೆ ದೊರೆಗಳ ಉತ್ತರ ಬಂತು. 'ಅಮ್ಮ, ಬೆರಳು ಹೇಗಿದೆ? ಗುರುವಾರ ನೀವೂ ನಿಮ್ಮ ಸೊಸೆಯೂ ನಮ್ಮ ಕಚೇರಿಗೆ ಬನ್ನಿ.'

ನನ್ನ ಸಂತೋಷವನ್ನು ಏನೆಂದು ಹೇಳಲಿ. ಅತ್ತೆಯ ಕಾಲಿಗೆ ಬೀಳುವುದೊಂದು ಬಾಕಿ. ಹಳೆಯ ನಕ್ಷೆಗಳ ಕಡತವನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿದೆ, ಒಂದೊಂದೇ ಹಾಳೆ ಬಿಚ್ಚಿ ಸವರಿದೆ. ಗುರುವಾರದವರೆಗೆ ಮನೆಯಲ್ಲಿ ಎಲ್ಲರ ಜೊತೆಗೂ ಸೌಮ್ಯವಾಗಿ ಮಾತಾಡಿದೆ ಎಂದು ಗಂಡ ಈಗಲೂ ನೆನೆಸಿಕೊಳ್ಳುತ್ತಾರೆ.

ಕಚೇರಿಯಲ್ಲಿ ದೊಡ್ಡ ಮೇಜಿನ ಮೇಲೆ ಪೆಟ್ಟಿಗೆಗಳ ಸಾಲು. ದೊರೆಗಳು ಎದುರಿಗೆ ಕಂಡರೆ ಸಣ್ಣ ಆಳು, ಅಂಗಿಯ ತೋಳಿಗೆ ಗೋಂದು ಮೆತ್ತಿಕೊಂಡಿತ್ತು. ಅತ್ತೆಗೆ ಕುರ್ಚಿ ಎಳೆದು ಕೂರಿಸಿ, ತಿದ್ದಿದ ಹೊಸ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು.

"ಇದು ಹೇಗಿದೆ ನೋಡಿ ಹೇಳಿ."

ಕೈಯಲ್ಲಿ ಹಿಡಿದ ಕೂಡಲೇ ಗೊತ್ತಾಯಿತು. ಪಟ್ಟಿಯನ್ನು ಈಗ ಎಳೆಯ ದಿಕ್ಕಿಗೆ ತಿರುಗಿಸಿದ್ದಾರೆ, ಸರಿ. ಆದರೆ ಪಟ್ಟಿಯ ತುದಿಯನ್ನು ಹಿಡಿಯುವುದಕ್ಕೆ ಹೆಬ್ಬೆರಳಿಗೆ ಜಾಗವೇ ಇಲ್ಲ. ಎರಡು ಗೆರೆ ಸರಿಸಿದರೆ ಸಾಕು. ಹೇಳಬೇಕೆಂದು ಬಾಯಿ ತೆರೆದೆ. ಮೂರು ತಿಂಗಳು ದಿನಾ ಬೆಳಗ್ಗೆ ತಾಲೀಮು ಮಾಡಿದ ಬಾಯಿ ಅದು.

"ಅದ್ಭುತ ಸರ್," ಎಂದಿತು.

ದೊರೆಗಳು ನಿಟ್ಟುಸಿರು ಬಿಟ್ಟು ಪೆಟ್ಟಿಗೆಯನ್ನು ಅತ್ತೆಯತ್ತ ಸರಿಸಿದರು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಹಿಡ್ಕೊಳ್ಳೋಕೆ ಜಾಗ ಎಲ್ಲಿಟ್ಟಿದೀಯಪ್ಪ?"

ದೊರೆಗಳು ಪೆನ್ನು ತೆಗೆದು ಅದನ್ನು ಬರೆದುಕೊಂಡರು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ ಸರ್," ಎಂದೆ.

"ಹೇಳಲಿಲ್ಲವಲ್ಲಮ್ಮ," ಎಂದರು. ದನಿಯಲ್ಲಿ ಕೋಪವೇನೂ ಇರಲಿಲ್ಲ. "ನಿಮ್ಮ ಎಂಬತ್ತೇಳು ಕಾಮೆಂಟನ್ನೂ ನಿನ್ನೆ ಕೂತು ಓದಿದೆ. ಒಂದ್ರಲ್ಲೂ ರಟ್ಟು ಅನ್ನೋ ಮಾತಿಲ್ಲ. ಚೆನ್ನಾಗಿದೆ ಅನ್ನೋರು ನನ್ನ ಹತ್ರ ಬೇಕಾದಷ್ಟು ಜನ ಇದ್ದಾರೆ."

ತೊಡೆಯ ಮೇಲಿದ್ದ ಕಡತವನ್ನು ನಾನು ಬಿಚ್ಚಲೇ ಇಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ನನ್ನ ಕಸುಬಿನ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಪಾಠ ಹೇಳಿದವಳು ಹೇಳಬೇಕಾದವರಿಗೆ ಹೇಳಿರಲಿಲ್ಲ.

ಕೆಲಸ ಅತ್ತೆಯವರಿಗೆ ಸಿಕ್ಕಿತು. ವಾರಕ್ಕೆ ಎರಡು ದಿನ ಕಾರ್ಖಾನೆಯ ಪೆಟ್ಟಿಗೆಗಳನ್ನು ಬಿಚ್ಚಿ ಬೈಯುವುದು. ಹುದ್ದೆಯ ಹೆಸರು ಗ್ರಾಹಕಾನುಭವ ವಿಭಾಗದ ಹಿರಿಯ ಸಲಹೆಗಾರ್ತಿ. ಲಿಫ್ಟಿನಲ್ಲಿ ಇಳಿಯುವಾಗ ಅತ್ತೆ ನನ್ನ ಭುಜ ತಟ್ಟಿದರು.

"ಬೇಜಾರ್ ಮಾಡ್ಕೋಬೇಡ. ನಾನು ಒಳಗೆ ಸೇರ್ಕೊಂಡು ಒಂದು ನೆಲೆ ಕಂಡ್ಕೊಂಡ್ಮೇಲೆ ನಿನ್ನ ವಿಷಯ ಎತ್ತುತೀನಿ. ಈಗ್ಲೇ ಕೇಳಿದ್ರೆ ಚೆನ್ನಾಗಿರಲ್ಲ."

ಇದಾಗಿ ಎರಡು ತಿಂಗಳಾಯಿತು. ಅತ್ತೆಯನ್ನು ಕರೆದೊಯ್ಯಲು ಕಾರು ಬರುತ್ತದೆ, ಚಾಲಕ ಅವರಿಗೆ ನಮಸ್ಕಾರ ಹೇಳುತ್ತಾನೆ. ಈ ಬೆಳಗ್ಗೆ ಆರಕ್ಕೆ ಅತ್ತೆ ತಮ್ಮ ಮೊದಲ ಪೋಸ್ಟ್ ಹಾಕಿದರು: 'ಮುಚ್ಚಳ ತೆರೆಯದಿದ್ದರೆ ತಪ್ಪು ಕೈಯದಲ್ಲ.' ಪುಣ್ಯಾತ್ಮ ಆಗಲೇ ಟವೆಲ್ ಹಾಕಿಯಾಗಿತ್ತು. ನಾನು ಬಚ್ಚಲುಮನೆಯ ಕಿಟಕಿಯಲ್ಲಿ ನಿಂತು, ಪೂರ್ತಿ ಆರು ಸಾಲು, ಎಳೆ, ಪಟ್ಟಿ, ಮಡಿಕೆ ಎಲ್ಲವನ್ನೂ ಸೇರಿಸಿ, ನನಗೆ ಗೊತ್ತಿರುವುದನ್ನೇ ಬರೆದು ಹಾಕಿದೆ. ಪಕ್ಕದ ಕೋಣೆಯಲ್ಲಿ ಅತ್ತೆಯ ಫೋನು ಟಿಣ್ ಎಂದದ್ದು ನನಗೇ ಕೇಳಿಸಿತು. ಈಗ ಹತ್ತು ಗಂಟೆ, ಇನ್ನೂ ಲೈಕು ಬಂದಿಲ್ಲ.